ಪೂಜೆಗಿಟ್ಟ ಪಾನಾ

"ಅಯ್ಯೋ! ಕಾರಿನ ಅಡಿಗೆ ಯಾರೋ ಸಿಕ್ಕಾಕ್ಕೊಂಡಾರೆ... ಅತ್ತೇ! ಅತ್ತೇ! ಯಾರಾದ್ರೂ ಬರ್ರೀ!"

ವರದಾಳ ಕೈಯಲ್ಲಿದ್ದ ಕೊಡ ಧಡಾರನೆ ಬಿತ್ತು. ಅಂಗಳದ ತುಂಬ ನೀರು.

ಅಪ್ಪನ ಪುಟ್ಟ ಕಪ್ಪು ಕಾರು ಹಿತ್ತಿಲ ಬಾಗಿಲ ಹತ್ತಿರ ನಿಂತಿತ್ತು. ಅದರ ಹೊಟ್ಟೆಯ ಕೆಳಗಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಬರಿಗಾಲು... ಬೆರಳು ಮೇಲಕ್ಕೆ... ಅಲುಗಾಟವೇ ಇಲ್ಲ!

ಅವಳಿಗೆ ಕಣ್ಣು ಕತ್ತಲಿಟ್ಟಿತು.

'ಸತ್ತೇ ಹೋಗಿದಾನೆ... ನಮ್ಮನೆ ಅಂಗಳದಲ್ಲೇ...'

ಅಷ್ಟರಲ್ಲಿ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು.

"ಎಂತಕ್ಕೆ ಕೂಗ್ತೀರಿ?" ಎಂದಿತು ಕಾರು. "ನಾನಿನ್ನೂ ಸತ್ತಿಲ್ಲ. ಇನ್ನೊಂದು ಬೋಲ್ಟು ಬಾಕಿ ಐತೆ."

ತೆವಳಿಕೊಂಡು ಒಬ್ಬ ಈಚೆ ಬಂದ. ಮುಖವೆಲ್ಲ ಗ್ರೀಸು. ಕಾಣುತ್ತಿದ್ದದ್ದು ಎರಡು ಕಣ್ಣು, ಒಂದು ಸಾಲು ಹಲ್ಲು. ನಗುತ್ತಿದ್ದ!

ವರದಾಳಿಗೆ ಮೈ ಉರಿದುಹೋಯಿತು. ಬೈಯೋಣವೆಂದು ಬಾಯಿ ತೆರೆದಳು. ಕೈ ಗಡಗಡ ನಡುಗುತ್ತಿತ್ತು. ಅವನ ಕಣ್ಣು ಆ ಕೈಗಳ ಮೇಲೆ ಬಿತ್ತು. ತಕ್ಷಣ ಅವನ ನಗು ನಿಂತುಹೋಯಿತು.

ಉರುಳಿ ಬಿದ್ದಿದ್ದ ಕೊಡ ಎತ್ತಿಕೊಂಡು ಬಾವಿಗೆ ಹೋದ. ನೀರು ಸೇದಿ ತುಂಬಿಸಿ ತಂದು ಅವಳ ಪಕ್ಕದಲ್ಲಿಟ್ಟ.

"ತಪ್ಪಾಯ್ತು ರೀ," ಎಂದ. "ಹೆದರಿಸಿಬಿಟ್ಟೆ. ಇನ್ಮೇಲೆ ಅಡಿಗೆ ಹೋಗೋವಾಗ ಹೇಳೇ ಹೋಗ್ತೀನಿ."

ಅವನು ನಗುವುದನ್ನು ನಿಲ್ಲಿಸಿದನಲ್ಲ, ಅದು ವರದಾಳ ಮನಸ್ಸಿನಲ್ಲಿ ಉಳಿಯಿತು. ಅವಳು ಹೆದರಿದಾಗ ನಗದೇ ಇದ್ದವರು ಈ ಲೋಕದಲ್ಲಿ ಬಹಳ ಮಂದಿ ಇರಲಿಲ್ಲ.

ಅವನ ಹೆಸರು ಗುತ್ಯಪ್ಪ.

ನಗಬೇಡಿ! ಪ್ರೇಮಕಥೆಯ ನಾಯಕನಿಗೆ ಇಂಥದೇ ಹೆಸರಿರಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತು ಹುಟ್ಟಿದ ಮಗ. ತಾಯಿ ಮತ್ತೇನು ಹೆಸರಿಟ್ಟಾಳು? ಓದಿದ್ದು ನಾಲ್ಕಕ್ಷರ, ಆದರೆ ಶಿಕಾರಿಪುರದ ಇನಾಯತ್ ಉಲ್ಲಾ ಸಾಹೇಬರ ಶೆಡ್ಡಿನಲ್ಲಿ ಕಬ್ಬಿಣದ ಕೆಲಸ ಕಲಿತಿದ್ದ. ಕಾರನ್ನೂ ಓಡಿಸುತ್ತಿದ್ದ. ನಯಾಪೈಸೆ ಬಂದರೂ ಜನರ ಬಾಯಿಂದ ಆಣೆ ಹೋಗದಿದ್ದ ಕಾಲ ಅದು. ಊರಿನಲ್ಲಿ ಕಾರು ಓಡಿಸಬಲ್ಲವರೆಂದರೆ ಬೆರಳ ಮೇಲೆ ಎಣಿಸುವಷ್ಟು ಮಂದಿ.

ವರದಾಳ ಅಪ್ಪ ಹುಚ್ಚರಾಯಪ್ಪ ಭತ್ತದ ವ್ಯಾಪಾರಿ. ವರ್ಗವಾಗಿ ಹೊರಟಿದ್ದ ಡಾಕ್ಟರರೊಬ್ಬರಿಂದ ಈ ಕಾರು ಕೊಂಡಿದ್ದರು. ಕೊಂಡದ್ದೇನೋ ಸರಿ... ಸೊರಬದ ಕಡೆಯ ಹಳ್ಳಿ ದಾರಿಗೆ ಇಳಿದದ್ದೇ ತಡ, ಎರಡು ಗಾಡಿಜಾಡಿನ ನಡುವಿನ ದಿಣ್ಣೆಯ ಮೇಲೆ ಕಾರಿನ ಹೊಟ್ಟೆ ಕೂತುಬಿಟ್ಟಿತು! ಎತ್ತು ಕಟ್ಟಿ ಎಳೆಸಬೇಕಾಯಿತು. "ಹುಚ್ಚರಾಯಪ್ಪನೋರ ಕಾರು ಹುಲ್ಲು ತಿಂತದಂತೆ!" ಎಂದು ಸಂತೆಯಲ್ಲೆಲ್ಲ ನಗೆ.

ಹುಚ್ಚರಾಯಪ್ಪನವರಿಗೆ ಮಾನದ ಪ್ರಶ್ನೆ. ಸಾಹೇಬರ ಶೆಡ್ಡಿನ ಮೂಲೆಯಲ್ಲಿ ಮಿಲಿಟರಿ ಹರಾಜಿನಲ್ಲಿ ಬಂದ ಹಳೇ ವ್ಯಾನೊಂದಿತ್ತು. ಅದರ ದೊಡ್ಡ ಚಕ್ರಗಳನ್ನು ನೋಡಿದವರೇ, "ಇವನ್ನ ನನ್ನ ಕಾರಿಗೆ ಹಾಕ್ರಿ!" ಎಂದರು.

"ಮೇಕೆಗೆ ಕುದುರೆ ಕಾಲು ಕಟ್ಟಿದಂಗೆ ಆಗ್ತದೆ ಯಜಮಾನ್ರೇ," ಎಂದರು ಸಾಹೇಬರು.

"ಕಟ್ರೀ! ಮೇಕೆ ಓಡಲಿ!"

ಹಾಗಾಗಿ ಗುತ್ಯಪ್ಪ ಹಿತ್ತಿಲಿಗೆ ಬಂದಿದ್ದ. ಕಾರಿನ ಹಳೇ ಬೋಲ್ಟು ತೆಗೆದು ವ್ಯಾನಿನ ಬೋಲ್ಟು ಕೂರಿಸಿದ. ಚಕ್ರಕ್ಕೆ ಜಾಗವಾಗಲೆಂದು ಮಡ್ಗಾರ್ಡಿನ ಅಂಚು ಕತ್ತರಿಸಿದ. ಕತ್ತರಿಸುವ ಸದ್ದಿಗೆ ವರದಾ ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡಳು.

ಅವಳ ಹೆದರಿಕೆಗೆ ಕಾರಣವಿತ್ತು.

ಚಿಕ್ಕವಳಿದ್ದಾಗ ಅಮ್ಮನ ಜೊತೆ ಚಂದ್ರಗುತ್ತಿಯಿಂದ ಗಾಡಿಯಲ್ಲಿ ಬರುತ್ತಿದ್ದಳು. ಅಮ್ಮನ ತೊಡೆಯ ಮೇಲೆ ಅರೆನಿದ್ದೆ. 'ಕಿರ್ರ್...' ಎಂದೊಂದು ಸದ್ದು. ಯಾರೂ ಗಮನಿಸಲಿಲ್ಲ. ಅಚ್ಚಿನ ತುದಿಯಲ್ಲಿ ಚಕ್ರ ಕಳಚದಂತೆ ಹಿಡಿಯುವ ಕಡಾಣಿ ಎಲ್ಲೋ ಬಿದ್ದುಹೋಗಿತ್ತು. ಇಳಿಜಾರಿನಲ್ಲಿ ಚಕ್ರ ತಾನೇ ಮುಂದೆ ಓಡಿತು, ಗಾಡಿ ಮಗುಚಿತು. ವರದಾ ಬದುಕಿದಳು, ಅಮ್ಮ ಬದುಕಲಿಲ್ಲ.

ಅವತ್ತಿನಿಂದ ಯಾವ ಗಾಡಿಯೇ ಇರಲಿ, ನಾಲ್ಕು ಕಡೆ ಸುತ್ತಿ ಕಡಾಣಿ ಮುಟ್ಟಿ ನೋಡದೆ ಅವಳು ಹತ್ತುತ್ತಿರಲಿಲ್ಲ. ನೆಂಟರಿಷ್ಟರು ನಗುತ್ತಿದ್ದರು. "ಹುಡುಗಿಗೆ ಕಡಾಣಿ ಹುಚ್ಚು!"

ದೊಡ್ಡ ಚಕ್ರ ಹಾಕಿದ ದಿನ ಕಾರು ಎದ್ದು ನಿಂತ ಹಾಗೆ ಕಂಡಿತು. ಅಪ್ಪನಿಗೆ ಸಂಭ್ರಮವೋ ಸಂಭ್ರಮ. "ವರದಾ, ಬಾರವ್ವ, ಒಂದು ಸುತ್ತು ಹೋಗಿಬರಾಣ!"

ವರದಾ ಸೆರಗು ಹಿಡಿದು ಕಾರಿನ ಸುತ್ತ ಒಂದು ಸಲ ಬಂದಳು. ಮತ್ತೊಂದು ಸಲ ಬಂದಳು. ಕೊನೆಗೆ ಗುತ್ಯಪ್ಪನ ಮುಂದೆ ನಿಂತು, ನೆಲ ನೋಡುತ್ತ ಕೇಳಿದಳು.

"ಇದಕ್ಕೆ... ಕಡಾಣಿ ಎಲ್ಲೈತ್ರಿ?"

ಸೋದರತ್ತೆ ಗುಡ್ಡಮ್ಮ ಕಿಸಕ್ಕನೆ ನಕ್ಕಳು. ಅಣ್ಣನ ಮನೆ ಸೇರಿ ಈ ಮಗುವನ್ನು ಸಾಕಿದವಳೇ, ಆದರೂ ನಗು ತಡೆಯಲಿಲ್ಲ.

ಗುತ್ಯಪ್ಪ ನಗಲಿಲ್ಲ. ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತ. "ಬರ್ರಿ ಇಲ್ಲಿ. ನೋಡ್ರಿ, ಈ ಐದು ನಟ್ಟೇ ಇದರ ಕಡಾಣಿ."

"ಇವು ಕಳಚಿದ್ರೆ?"

"ಕಳಚಬಾರದು. ಆದ್ರೆ ಸುಳ್ಳು ಹೇಳಲ್ಲ ವರದಮ್ಮೋರೇ... ಇದು ಬೇರೆ ಗಾಡಿ ಚಕ್ರ. ಈ ಮೈಗೆ ಒಗ್ಗೋ ತನಕ ನಟ್ಟು ಸಡಿಲ ಆಗ್ತಾನೇ ಇರ್ತದೆ. ಹತ್ತು ಹನ್ನೆರಡು ಮೈಲಿಗೊಮ್ಮೆ ನಿಲ್ಲಿಸಿ ಬಿಗಿ ಮಾಡ್ಬೇಕು. ಮಾಡದಿದ್ರೆ..."

ಮುಂದಿನದು ಅವಳಿಗೆ ಗೊತ್ತಾಯಿತು.

ಚೀಲದಿಂದ ನಟ್ಟು ತಿರುವುವ ಉದ್ದನೆಯ ಪಾನಾ ತೆಗೆದು ಅವಳ ಕೈಗಿಟ್ಟ. "ಈ ನಟ್ಟಿಗೆ ಊರಲ್ಲೆಲ್ಲ ಇದೊಂದೇ ಪಾನಾ. ವ್ಯಾನಿನ ಜೊತೆ ಬಂದದ್ದು. ತಗೊಳ್ರಿ, ನೀವೇ ಬಿಗಿ ಮಾಡಿ ನೋಡ್ರಿ."

"ನಾನಾ?!"

"ಹೆದರಿದೋರೇ ಚೆನ್ನಾಗಿ ನೋಡ್ತಾರೆ."

ವರದಾ ಎರಡೂ ಕೈಯಲ್ಲಿ ಪಾನಾ ಹಿಡಿದು ಒತ್ತಿದಳು. ನಟ್ಟು ಅಲುಗಲಿಲ್ಲ. ಒಂದಾದ ಮೇಲೊಂದು, ಎಲ್ಲವನ್ನೂ ನೋಡಿದಳು. ಎದೆಯೊಳಗೆ ಎಷ್ಟೋ ವರ್ಷದಿಂದ ಬಡಿದುಕೊಳ್ಳುತ್ತಿದ್ದದ್ದು ಸ್ವಲ್ಪ ಸುಮ್ಮನಾಯಿತು. ಅವತ್ತು ಅವಳು ಕಾರು ಹತ್ತಿದಳು.

ಗುತ್ಯಪ್ಪನೇ ಆ ಕಾರಿಗೆ ಡ್ರೈವರಾದ. ಅಲ್ಲಿಂದ ಅದೇ ಪದ್ಧತಿಯಾಯಿತು. ಕಾರು ಹೊರಡುವ ಮೊದಲು ಗುತ್ಯಪ್ಪ ಪಾನಾ ತಂದು ಹಿತ್ತಿಲ ಬಾಗಿಲಲ್ಲಿ ನಿಲ್ಲುತ್ತಿದ್ದ. ವರದಾ ಬಂದು ನಟ್ಟು ನೋಡಿ, "ಹೂಂ," ಎಂದ ಮೇಲೇ ಕಾರು ಹೊರಡಬೇಕು. ಇನ್ನು, ಕಾರಿನ ಅಡಿಗೆ ಹೋಗಬೇಕಾದಾಗಲೆಲ್ಲ ಅವನು ಕೂಗುತ್ತಿದ್ದ.

"ವರದಮ್ಮೋರೇ... ಅಡಿಗೆ ಹೋಗ್ತಿದೀನಿ!"

ಒಳಗೆ ರೊಟ್ಟಿ ತಟ್ಟುತ್ತಿದ್ದ ವರದಾಳ ಕೆನ್ನೆ ಕೆಂಪಾಗುತ್ತಿತ್ತು. "ಒಲೆ ಉರಿ," ಎನ್ನುತ್ತಿದ್ದಳು ಅತ್ತೆಗೆ. ಒಲೆಯೇನೋ ಆರಿ ಎಷ್ಟೋ ಹೊತ್ತಾಗಿರುತ್ತಿತ್ತು!

ಒಬ್ಬರಿಗೊಬ್ಬರು ಮನಸ್ಸಿನ ಮಾತು ಒಂದೂ ಆಡಿರಲಿಲ್ಲ. ಆ ಕಾಲದಲ್ಲಿ ಆಡುವುದೂ ಸಾಧ್ಯವಿರಲಿಲ್ಲ. ಪಾನಾ ಕೊಡುವಾಗ ಬೆರಳು ತಗಲಿದರೆ ಇಬ್ಬರೂ ಎರಡು ದಿಕ್ಕು ನೋಡುತ್ತಿದ್ದರು. ಅಷ್ಟೇ.

ಮಹಾನವಮಿ ಬಂತು. ಆಯುಧಪೂಜೆ.

ಬೆಳಗ್ಗೆ ಕಾರು ತೊಳೆದು ಗುತ್ಯಪ್ಪ ಸಾಹೇಬರ ಶೆಡ್ಡಿಗೆ ಹೋಗಿದ್ದ. ವರದಾ ಒಬ್ಬಳೇ ಚಕ್ರಗಳಿಗೆ ಅರಿಸಿನ ಬಳಿದು, ಮೇಲೆ ಮೂರು ಕುಂಕುಮದ ಗೆರೆ ಎಳೆದಳು. ದೇವರ ಕೋಣೆಯಲ್ಲಿ ಅಪ್ಪನ ತಕ್ಕಡಿ, ಸೇರು, ಕುಡುಗೋಲು, ಈಳಿಗೆಮಣೆ ಎಲ್ಲ ಸಾಲಾಗಿ ಕೂತಿದ್ದವು.

'ಈ ಮನೇಲಿ ನನಗೆ ಧೈರ್ಯ ಕೊಟ್ಟ ಆಯುಧ ಯಾವುದು? ಅದನ್ನ ಬಿಟ್ಟು ಪೂಜೆ ಮಾಡ್ತಾರಾ?'

ಕಾರಿನ ಸೀಟಿನ ಕೆಳಗಿನ ಚೀಲ ಬಿಚ್ಚಿ ಪಾನಾ ತೆಗೆದಳು. ತೊಳೆದು, ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವು ಸುತ್ತಿ ತಕ್ಕಡಿಯ ಹಿಂದೆ ಇಟ್ಟಳು. ಅವನು ಬಂದಮೇಲೆ ತೋರಿಸಬೇಕು. ಏನೆನ್ನುತ್ತಾನೋ!

ಪೂಜೆ ಮುಗಿದು ಮಂಗಳಾರತಿ ಆಯಿತು. ಊಟಕ್ಕೆ ಕೂತಾಗ ಅಪ್ಪ ಹೇಳಿದರು.

"ಸೊರಬದಿಂದ ಮೂಕಮ್ಮನೋರನ್ನ ಕರ್ಕೊಂಡು ಬರ್ತೀನಿ. ನಾಳೆ ದಶಮಿ, ಒಳ್ಳೇ ದಿನ. ಮಗ ಮಲ್ಲಿಕಾರ್ಜುನಪ್ಪ ನಾಳೆ ಬಸ್ಸಿಗೆ ಬರ್ತಾನೆ. ವರದಾಗೆ ಹೂವು ಮುಡಿಸಿ ಮಾತು ಮುಗಿಸಿಬಿಡಾಣ."

ವರದಾಳ ಕೈ ತುತ್ತಿನಲ್ಲೇ ನಿಂತಿತು. ಮಾತಾಡಬೇಕು... ಈಗಲೇ ಮಾತಾಡಬೇಕು... ನಾಲಿಗೆ ಏಳಲಿಲ್ಲ. ಹೆಣ್ಣುಮಗಳ ಮೌನವನ್ನು ಒಪ್ಪಿಗೆ ಎಂದುಕೊಳ್ಳುವ ಮನೆ ಅದು. ಅತ್ತೆ ಹೊರಗೆ ಹೋಗಿ ಆಗಷ್ಟೇ ಶೆಡ್ಡಿನಿಂದ ಬಂದಿದ್ದ ಗುತ್ಯಪ್ಪನಿಗೂ ಹೇಳಿಬಿಟ್ಟಳು. "ಹುಡುಗಿ ಒಪ್ಪಿದಳಪ್ಪ! ಮೂಕಮ್ಮನೋರನ್ನ ಹುಷಾರಾಗಿ ಕರ್ಕೊಂಡು ಬಾ."

ವರದಾ ಹಿತ್ತಿಲ ಬಾಗಿಲಿಗೆ ಓಡಿದಳು. ಗುತ್ಯಪ್ಪ ಬರಿಗೈಯಲ್ಲಿ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

'ಹೇಳು... ನಾನು ಹೋಗಲ್ಲ ಅಂತ ಹೇಳು. ಒಂದು ಮಾತು ಹೇಳು ಸಾಕು.'

"ಒಳ್ಳೇ ಮನೆತನ ಅಂತೆ," ಎಂದ ಅವನು, ಎಲ್ಲೋ ನೋಡುತ್ತ. "ಗದ್ದೆ, ಮನೆ ಎಲ್ಲ ಐತಂತೆ. ಹುಷಾರಾಗಿ ಕರ್ಕೊಂಡು ಬರ್ತೀನಿ ಬಿಡ್ರಿ."

ವರದಾಳ ಎದೆಗೆ ಕೊಳ್ಳಿ ಇಟ್ಟ ಹಾಗಾಯಿತು.

"ಕರ್ಕೊಂಡು ಬರ್ರಿ! ಬೇಗ ಕರ್ಕೊಂಡು ಬರ್ರಿ!"

"ನಟ್ಟು... ನೋಡಲ್ವಾ?"

"ನಿಮ್ಮ ಕಾರು, ನಿಮ್ಮ ಚಕ್ರ! ನನಗೇನ್ರಿ?"

ಬಾಗಿಲು ದಢಾರನೆ ಮುಚ್ಚಿಕೊಂಡಿತು. ಈಚೆ ಅವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆಚೆ ಅವನು ಬಹಳ ಹೊತ್ತು ನಿಂತ. ಆಮೇಲೆ ಕಾರು ಹೊರಟ ಸದ್ದು ಕೇಳಿತು.

ಮಧ್ಯಾಹ್ನ ಇಳಿಯುತ್ತಿತ್ತು. ನಂದಾದೀಪಕ್ಕೆ ಎಣ್ಣೆ ಹಾಕಲು ವರದಾ ದೇವರ ಕೋಣೆಗೆ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. ಬಗ್ಗಿ ಬತ್ತಿ ಸರಿಮಾಡಿದಳು. ದೀಪ ಒಂದಿಷ್ಟು ಮೇಲೆದ್ದಿತು. ತಕ್ಕಡಿಯ ಹಿಂದೆ ಏನೋ ಹೊಳೆಯಿತು.

ಪಾನಾ!

ಎಣ್ಣೆಯ ಗಿಂಡಿ ಕೈಯಿಂದ ಜಾರಿತು.

'ಊರಲ್ಲೆಲ್ಲ ಇದೊಂದೇ ಪಾನಾ...'

'ಬಿಗಿ ಮಾಡದಿದ್ರೆ...'

ದೇವರೇ! ಕಾರು ಸೊರಬದ ದಾರಿಯಲ್ಲಿದೆ. ಅಪ್ಪ ಅದರೊಳಗಿದ್ದಾರೆ. ಅವನಿದ್ದಾನೆ. ಚೀಲ ಬರಿದು! ತೆಗೆದದ್ದು ತಾನು. ಹೇಳದೇ ಬಾಗಿಲು ಹಾಕಿಕೊಂಡದ್ದೂ ತಾನೇ! ಎಷ್ಟೋ ವರ್ಷದ ಹಿಂದಿನ ಆ ಸದ್ದು ಕಿವಿಯಲ್ಲಿ ಕೇಳತೊಡಗಿತು. ಕಿರ್ರ್... ಕಿರ್ರ್...

ಕೈ ಚಾಚಿದಳು.

"ಏಯ್! ಏನ್ ಮಾಡ್ತಿದೀ?" ಹಿಂದಿನಿಂದ ಗುಡ್ಡಮ್ಮ ಚೀರಿದಳು. "ಪೂಜೆಗಿಟ್ಟದ್ದನ್ನ ಮುಟ್ಟಬ್ಯಾಡ! ನಾಳೆ ಮರುಪೂಜೆ ಆಗೋ ತನಕ ಎತ್ತಂಗಿಲ್ಲ! ಕೇಡಾಗ್ತದೆ!"

"ಅತ್ತೇ, ಕಾರಿನ ಚಕ್ರ ಕಳಚ್ತದೆ... ಅಪ್ಪ ಇದಾರೆ ಅದ್ರಲ್ಲಿ..."

"ದೇವರು ಕಾಯ್ತಾನೆ. ಎತ್ತಬ್ಯಾಡ ಅಂದ್ರೆ ಎತ್ತಬ್ಯಾಡ!"

ವರದಾ ತಿರುಗಿ ನೋಡಿದಳು.

"ಕೇಡು ಯಾರಿಗೆ ಅತ್ತೇ? ಎತ್ತಿದೋರಿಗೋ, ಕಾರಲ್ಲಿರೋರಿಗೋ?"

"ಎ... ಎತ್ತಿದೋರಿಗೆ."

"ನನಗೆ ತಾನೆ? ಆಗ್ಲಿ ಬಿಡ್ರಿ."

ಎತ್ತಿಬಿಟ್ಟಳು! ಚೆಂಡುಹೂವಿನ ಸರ ಹರಿದು ದೇವರ ಮುಂದೆ ಚೆಲ್ಲಿತು. ಗುಡ್ಡಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಳು. ವರದಾ ಪಾನಾವನ್ನು ಸೆರಗಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲೇ ಬಸ್ ಸ್ಟ್ಯಾಂಡಿನ ಕಡೆ ಓಡಿದಳು.

ಸೊರಬದ ಬಸ್ಸು ಹೊರಡುತ್ತಿತ್ತು. ಕಂಬಕ್ಕೆಲ್ಲ ಬಾಳೆಕಂದು, ಮಾವಿನೆಲೆ. ಜೀವಮಾನದಲ್ಲಿ ಮೊದಲ ಬಾರಿಗೆ ಅವಳು ಒಂದು ಚಕ್ರವನ್ನೂ ನೋಡದೆ ಗಾಡಿ ಹತ್ತಿದಳು. ಅದು ಅವಳಿಗೆ ನೆನಪೂ ಆಗಲಿಲ್ಲ.

ಕಂಡಕ್ಟರ್ ಧರ್ಮಪ್ಪ ಗುರುತಿನವನು. "ಏನವ್ವ, ಒಬ್ಬಳೇ? ಹಬ್ಬದ ದಿನ?"

"ಧರ್ಮಣ್ಣ... ಅಪ್ಪನ ಕಾರು ದಾರೀಲಿ ಕಂಡ್ರೆ ನಿಲ್ಲಿಸು. ಕೈ ಮುಗೀತೀನಿ."

ಅವಳ ಮುಖ ನೋಡಿ ಅವನು ಮತ್ತೇನೂ ಕೇಳಲಿಲ್ಲ.

ಬಸ್ಸು ಹೋಗುತ್ತಿತ್ತೋ, ತೆವಳುತ್ತಿತ್ತೋ! ಪ್ರತಿ ತಿರುವಿನಲ್ಲೂ ಅವಳು ಕಣ್ಣು ಮುಚ್ಚುತ್ತಿದ್ದಳು, ಮತ್ತೆ ತೆರೆಯುತ್ತಿದ್ದಳು. ಎದುರಿಗೆ ಬಂದ ಪ್ರತಿ ಗಾಡಿಯಲ್ಲೂ ಹೆಣವಿದೆಯೇನೋ ಅನ್ನಿಸುತ್ತಿತ್ತು. 'ಚಂದ್ರಗುತ್ತಿ ಅಮ್ಮಾ, ನನ್ನ ಮೇಲೆ ಸಿಟ್ಟಿದ್ರೆ ನನ್ನ ಕರ್ಕೋ. ಅವರನ್ನ ಬಿಡು. ಒಂದು ಸಲ ಅವರ ಮುಖ ನೋಡ್ತೀನಿ. ಮದುವೆ ಯಾರ ಜೊತೆನಾದ್ರೂ ಆಗ್ಲಿ, ಎಲ್ಲಿಗಾದ್ರೂ ಹೋಗ್ತೀನಿ. ಅವರು ಬದುಕಿರ್ಲಿ ಸಾಕು...'

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಧರ್ಮಪ್ಪ ಇಳಿದು ವಿಚಾರಿಸಿ ಬಂದ.

"ಕಾರು ಇಲ್ಲಿ ನಿಂತಿತ್ತಂತೆ. ಡ್ರೈವರ್ ಚೀಲ ಕೊಡವಿ ಏನೋ ಹುಡುಕಿದನಂತೆ. ಕಮ್ಮಾರನ ಮನೆಗೆ ಹೋಗಿ ಕೈ ಮುಗಿದು ಕೇಳಿದನಂತೆ. ಆದ್ರೆ ಇವತ್ತು ಸುತ್ತಿಗೆ ಯಾರು ಎತ್ತುತಾರವ್ವ? ಎಲ್ಲಾ ಪೂಜೇಲಿದಾವೆ. ವಾಪಸ್ ಹೋಗಾಣ ಅಂದಿದ್ದಕ್ಕೆ, ಶುಭಕಾರ್ಯಕ್ಕೆ ಹೊರಟು ಅರ್ಧ ದಾರೀಲಿ ತಿರುಗಬಾರದು ಅಂತ ನಿಮ್ಮಪ್ಪನೋರು ಒಪ್ಪಲಿಲ್ಲಂತೆ."

ವರದಾ ಪಾನಾವನ್ನು ಎದೆಗೆ ಒತ್ತಿಕೊಂಡಳು. ಕುಂಕುಮ ರವಿಕೆಗೆಲ್ಲ ಹತ್ತಿತು.

ಶಿರಾಳಕೊಪ್ಪ ದಾಟಿ ಬಹಳ ದೂರ ಬಂದ ಮೇಲೆ, ಕೆರೆ ಏರಿಯ ತಿರುವಿನಲ್ಲಿ ಡ್ರೈವರ್ ಬಸ್ಸನ್ನು ನಿಧಾನ ಮಾಡಿದ.

"ಏ ಧರ್ಮಾ, ಅಲ್ನೋಡು. ಯಾವುದೋ ಗಾಡಿ ಚಕ್ರ ಬಿದ್ದಿದೆ."

ವರದಾ ಕಿಟಕಿಯಿಂದ ಬಗ್ಗಿದಳು.

ರಸ್ತೆ ಪಕ್ಕದ ಭತ್ತದ ಗದ್ದೆಯಲ್ಲಿ, ಪೈರು ಮಲಗಿಸಿಕೊಂಡು ಒಂದು ದೊಡ್ಡ ಚಕ್ರ ಬಿದ್ದಿತ್ತು. ಅದರ ಮೇಲೆ ಅರಿಸಿನ. ಅರಿಸಿನದ ಮೇಲೆ ಮೂರು ಕುಂಕುಮದ ಗೆರೆ. ಬೆಳಗ್ಗೆ ಅವಳೇ ತನ್ನ ಬೆರಳಿನಿಂದ ಎಳೆದದ್ದು.

"ನಿಲ್ಸಿ!!"

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದಳು. ಮುಗ್ಗರಿಸಿದಳು, ಎದ್ದಳು, ಓಡಿದಳು. ತಿರುವಿನ ಆಚೆ ಕಪ್ಪು ಕಾರು ಒಂದು ಕಡೆಗೆ ವಾಲಿ ನಿಂತಿತ್ತು. ಮುಂದಿನ ಒಂದು ಮೂಲೆ ಮಣ್ಣಿಗೆ ಕಚ್ಚಿಕೊಂಡಿತ್ತು.

ಅದರ ಅಡಿಯಿಂದ ಎರಡು ಕಾಲು ಹೊರಗೆ ಚಾಚಿದ್ದವು.

ಬರಿಗಾಲು. ಬೆರಳು ಮೇಲಕ್ಕೆ. ಅಲುಗಾಟವಿಲ್ಲ.

ಈ ಸಲ ಯಾರೂ 'ಅಡಿಗೆ ಹೋಗ್ತಿದೀನಿ' ಎಂದು ಕೂಗಿರಲಿಲ್ಲ.

"ಗುತ್ಯಪ್ಪಾ!!"

ಹೆಸರು ಹಿಡಿದು ಕೂಗಿಬಿಟ್ಟಳು! ಮನಸ್ಸಿನಲ್ಲಿಟ್ಟ ಗಂಡಸಿನ ಹೆಸರನ್ನು ಹೆಣ್ಣು ಬಾಯಲ್ಲಿ ಆಡದ ಕಾಲದಲ್ಲಿ, ನಾಲ್ಕು ಜನರೆದುರಿಗೆ, ಕೆರೆಯ ಆಚೆ ದಡಕ್ಕೆ ಕೇಳುವ ಹಾಗೆ. ದಾರಿಯಲ್ಲಿ ಯಾರೋ ಎದುರು ನಿಂತಿದ್ದರು, ದಾಟಿಕೊಂಡು ಓಡಿದಳು. ಇನ್ನಾರೋ ಕಲ್ಲಿನ ಮೇಲೆ ಕೂತಿದ್ದರು, ನೋಡಲಿಲ್ಲ. ಮಣ್ಣಿನಲ್ಲಿ ಮೊಣಕಾಲೂರಿ ಆ ಎರಡು ಪಾದಗಳನ್ನು ತಬ್ಬಿಕೊಂಡಳು.

"ಏಳ್ರೀ... ಎದ್ದೇಳ್ರೀ... ನಾನೇ ತೆಗೆದಿಟ್ಟೆ... ನಾನೇ ಕೊಂದುಬಿಟ್ಟೆ... ಏಳ್ರೀ!"

ಬಲಗಾಲಿನ ಹೆಬ್ಬೆರಳು ಅಲ್ಲಾಡಿತು.

"ವ... ವರದಮ್ಮೋರಾ?"

ತೆವಳಿಕೊಂಡು ಅವನು ಈಚೆ ಬಂದ. ಮುಖವೆಲ್ಲ ಮಣ್ಣು. ಜೀವಂತ! ಅಚ್ಚಿನ ಕೆಳಗೆ ಕಲ್ಲು ಕೊಡುತ್ತಿದ್ದನಂತೆ. ವರದಾ ಅವನ ಮುಖ ನೋಡಿದಳು, ತಲೆ ನೋಡಿದಳು, ಕೈ ನೋಡಿದಳು. ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು, ಬಟ್ಟೆಯೆಲ್ಲ ರಕ್ತ.

"ಇದೇನ್ರೀ..."

"ಪಾನಾ ಇರಲಿಲ್ಲ. ಒಂದೊಂದು ಮೈಲಿಗೂ ಇಳಿದು ಕೈಯಲ್ಲೇ ತಿರುವಿದೆ. ಮೂಕಮ್ಮನೋರನ್ನ ಹತ್ತಿಸಿಕೊಂಡ ಮೇಲೆ ನಡಿಗೆಗಿಂತ ನಿಧಾನ ಬಂದೆ. ಅದಕ್ಕೆ ಚಕ್ರ ಕಳಚಿದ್ರೂ ಕಾರು ಬರೀ ಕೂತ್ಕಂಡ್ತು. ಯಾರಿಗೂ ಎಂತದೂ ಆಗಲಿಲ್ಲ." ಅಂಗೈಯ ಬಟ್ಟೆ ಬಿಗಿ ಮಾಡಿಕೊಂಡ. "ಹೊರಡೋ ಮುಂಚೆ ಚೀಲ ಬಿಚ್ಚಿ ನೋಡಬೇಕಿತ್ತು. ನನ್ನದೇ ತಪ್ಪು. ನೀವು ಬಾಗಿಲು ಹಾಕ್ಕೊಂಡ್ರಲ್ಲ... ಮನಸ್ಸು ಅಲ್ಲೇ ಉಳೀತು."

ವರದಾ ಸೆರಗು ಬಿಚ್ಚಿ ಪಾನಾ ಮುಂದೆ ಹಿಡಿದಳು. ಅದರ ತುಂಬ ಕುಂಕುಮ.

ಗುತ್ಯಪ್ಪ ಅದನ್ನೇ ನೋಡುತ್ತ ಉಳಿದ. "ಪೂಜೆಗಿಟ್ಟಿದ್ರಾ?"

"ಹೂಂ."

"ಮರುಪೂಜೆ ಆಗದೆ ಎತ್ತಬಾರದಲ್ವಾ?"

"ಎತ್ತಿದೆ."

"ಹೆದ್ರಿಕೆ ಆಗಲಿಲ್ವಾ?"

"ಆಯ್ತು!" ವರದಾ ಅಳುತ್ತಲೇ ಬೈದಳು. "ನೀವು ಇಲ್ದೆ ಹೋದ್ರೆ ಅಂತ ಆಯ್ತು! ಯಾರದೋ ಮನೆತನ ಹೊಗಳ್ತೀರಲ್ಲ, ನಿಮಗೆ ಬಾಯಿ ಇಲ್ವೇನ್ರೀ? ನನ್ನ ಮನಸ್ಸು ಗೊತ್ತಿರಲಿಲ್ವಾ?"

"ನೀವು ಒಪ್ಪಿದ್ರಿ ಅಂದ್ರು..."

"ನನ್ನ ಕೇಳಿದ್ರಾ ಯಾರಾದ್ರೂ?"

ಗುತ್ಯಪ್ಪ ಎರಡೂ ಕೈ ಮುಂದೆ ಹಿಡಿದ. "ನನಗಿರೋದು ಈ ಎರಡು ಕೈ ವರದಮ್ಮೋರೇ. ನಿಮ್ಮಪ್ಪನ ಹತ್ರ ಎಂತ ಹೇಳಿ ಕೇಳಲಿ ಅಂತ ಹೆದರಿದೆ. ನಿಮ್ಮನ್ನ ಬಿಟ್ರೆ ನನ್ನ ಮನಸ್ಸಲ್ಲಿ ಬೇರೆ ಯಾರೂ ಇಲ್ಲ. ನಿಮ್ಮ ಮೇಲೇ ಜೀವ ಇಟ್ಟೀನಿ."

ಹಿಂದೆ ಯಾರೋ ಕೆಮ್ಮಿದರು.

ವರದಾ ಬೆಚ್ಚಿ ತಿರುಗಿದಳು. ಅಪ್ಪ! ಅವಳು ದಾಟಿಕೊಂಡು ಓಡಿದ್ದು ಅಪ್ಪನನ್ನೇ. ಕಲ್ಲಿನ ಮೇಲೆ ಕೂತಿದ್ದವರು ಸೊರಬದ ಮೂಕಮ್ಮ. ಇಬ್ಬರೂ ಎಲ್ಲ ನೋಡಿದ್ದರು, ಎಲ್ಲ ಕೇಳಿದ್ದರು.

"ಹೆತ್ತಪ್ಪ ದಾರಿ ಮಧ್ಯದಲ್ಲಿ ನಿಂತಿದ್ದೆ," ಎಂದರು ಹುಚ್ಚರಾಯಪ್ಪ ಮೆಲ್ಲಗೆ. "ನನ್ನ ಮಗಳಿಗೆ ನಾನು ಕಾಣಲಿಲ್ಲ."

"ಅಪ್ಪಾ..."

"ನನಗೆ ಮೊದಲೇ ಹೇಳಬಾರದಾಗಿತ್ತೇನವ್ವ?"

"ಹೆದ್ರಿಕೆ ಆಯ್ತಪ್ಪ."

"ದೇವರ ಮುಂದಿನ ಆಯುಧ ಎತ್ತೋಕೆ ಹೆದರಲಿಲ್ಲ. ಅಪ್ಪನ ಹತ್ರ ಮಾತಾಡೋಕೆ ಹೆದರಿದ್ಯಾ? ಅಷ್ಟು ಕೆಟ್ಟೋನೇನೇ ನಾನು?"

ವರದಾ ತಲೆ ತಗ್ಗಿಸಿದಳು. ಉತ್ತರಿಸಿದವರು ಮೂಕಮ್ಮ. ಹೆಸರಿಗಷ್ಟೇ ಮೂಕಮ್ಮ, ಮಾತು ಖಡಕ್ಕು. ಸೊಂಟ ಹಿಡಿದುಕೊಂಡು ಎದ್ದು ಬಂದರು.

"ನೋಡಿ ಹುಚ್ಚರಾಯಪ್ಪನೋರೇ, ಬೇಜಾರು ಮಾಡ್ಕಬೇಡಿ. ಈ ಹುಡುಗಿನ ನಾನು ಮನೆ ತುಂಬಿಸಿಕೊಂಡ್ರೆ ಬರೀ ಮೈ ಬರ್ತದೆ, ಜೀವ ಈ ಕಾರಿನ ಅಡಿಗೇ ಉಳೀತದೆ. ಜೀವ ಇಲ್ದಿರೋ ಸೊಸೆ ಕಟ್ಟಿಕೊಂಡು ನನ್ನ ಮಗ ಎಂತ ಮಾಡ್ತಾನೆ?" ಎಂದು ವರದಾಳ ಗಲ್ಲ ಹಿಡಿದೆತ್ತಿದರು. "ಆ ಹುಡುಗ ಕೈಯ್ಯ ಸಿಪ್ಪೆ ಸುಲಿಸಿಕೊಂಡು ನನ್ನ ಜೀವಂತ ಇಳಿಸಿದಾನೆ. ಅವನು ಸಾಕು ನಿಂಗೆ. ಅಳಬೇಡ ಮಾರಾಯ್ತಿ, ಅತ್ತು ಅತ್ತು ಕುಂಕುಮ ಎಲ್ಲ ಕರ್ಗಿಹೋಯ್ತು!"

ಹುಚ್ಚರಾಯಪ್ಪ ಕೆರೆಯ ನೀರಿನ ಕಡೆ ತಿರುಗಿದರು. ತೀರಿಹೋದ ಹೆಂಡತಿಯ ನೆನಪಾಯಿತೋ ಏನೋ, ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

"ಮೊದಲು ಚಕ್ರ ತರಾಣ ನಡೀರಿ," ಎಂದರು. ಎರಡು ಹೆಜ್ಜೆ ಇಟ್ಟು ನಿಂತರು. "ಗುತ್ಯಾ... ನಿಮ್ಮ ತಾಯಿನ ಯಾವತ್ತು ಕರ್ಕೊಂಡು ಬರ್ತೀಯ?"

ಗುತ್ಯಪ್ಪ ಬಟ್ಟೆ ಸುತ್ತಿದ ಕೈಗಳನ್ನು ಜೋಡಿಸಿ ನಿಂತುಬಿಟ್ಟ.

ಬಸ್ಸಿನ ಗಂಡಸರೆಲ್ಲ ಸೇರಿ ಗದ್ದೆಯಿಂದ ಚಕ್ರ ಉರುಳಿಸಿ ತಂದರು, ಕಾರು ಎತ್ತಿ ಹಿಡಿದರು. ಕಳಚಿದ ನಟ್ಟುಗಳಲ್ಲಿ ಸಿಕ್ಕವು ಎರಡೇ. ಉಳಿದ ಚಕ್ರಗಳಿಂದ ಒಂದೊಂದು ಬಿಚ್ಚಿ ಐದೂ ಮಾಡಿದರು. ಗುತ್ಯಪ್ಪನ ಅಂಗೈಯಲ್ಲಿ ಪಾನಾ ಹಿಡಿಯುವ ಶಕ್ತಿ ಉಳಿದಿರಲಿಲ್ಲ. ಹಿಡಿದವಳು ವರದಾ. ಒಂದೊಂದೇ ಬಿಗಿದಳು. ಬೆವರಿಗೆ ಕುಂಕುಮ ಕರಗಿ ಅವಳ ಎರಡೂ ಕೈ ಕೆಂಪಾಯಿತು. ನಾಲ್ಕೂ ಚಕ್ರ ನೋಡಿದ ಮೇಲೆ, "ಹೂಂ," ಎಂದಳು.

ಆಗ ಹೊರಟಿತು ಕಾರು.

ಮರುದಿನ ದಶಮಿ. ಗುಡ್ಡಮ್ಮ ದೇವರಿಗೆ ತಪ್ಪುಕಾಣಿಕೆ ಕಟ್ಟಿ, ಅದೇ ಪಾನಾವನ್ನು ಮತ್ತೆ ತೊಳೆದು ಮರುಪೂಜೆ ಮಾಡಿಸಿದಳು. ಸಂಜೆ ಗುತ್ಯಪ್ಪ ಬನ್ನಿ ಕೊಡಲು ಬಂದ. ಹಿರಿಯರಿಗೆಲ್ಲ ಕೊಟ್ಟು ನಮಸ್ಕರಿಸಿ ಹಿತ್ತಿಲಿಗೆ ಬಂದರೆ ವರದಾ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಕಾರಿನ ಹತ್ತಿರ ನಿಂತಿದ್ದಳು.

ಎರಡು ಎಲೆ ಅವಳ ಕೈಗಿಟ್ಟ. "ಬನ್ನಿ ತಗೊಂಡು... ಬಂಗಾರದಂಗಿರಾಣ."

"ಇರಾಣ," ಎಂದಳು ವರದಾ. ಬೆರಳು ತಗಲಿತು. ಈ ಸಲ ಯಾರೂ ಬೇರೆ ದಿಕ್ಕು ನೋಡಲಿಲ್ಲ.

"ನನ್ನ ಹೆದ್ರಿಕೆ ಹೋಗಲ್ಲ ಕಣ್ರಿ," ಎಂದಳು ಸಣ್ಣ ದನಿಯಲ್ಲಿ. "ಇನ್ಮೇಲೆ ದಿನಾ ಹೆದರ್ತೀನಿ. ನಿಮ್ಮ ಸಲುವಾಗಿ."

"ಹೆದರಿ. ದಿನಾ ನಟ್ಟು ನೋಡಿ. ಆಮೇಲೇ ಹೊರಡ್ತೀನಿ."

ಮುಂದಿನ ಮೂಲೆ ನೆಲಕ್ಕೆ ಬಡಿದು ಅಡಿಯಲ್ಲಿ ಏನೋ ಬಾಗಿತ್ತು. ಸರಿಮಾಡಬೇಕಿತ್ತು. ಅವನು ಪಂಚೆ ಎತ್ತಿ ಕಟ್ಟಿ ಬಗ್ಗಿದ. ಅರ್ಧ ಬಗ್ಗಿದವನು ನಿಂತು ಅವಳ ಕಡೆ ನೋಡಿದ.

"ವರದಾ... ಅಡಿಗೆ ಹೋಗ್ತಿದೀನಿ."

ಅವಳು ಕೊಡ ಕೆಳಗಿಟ್ಟು, ಅವನ ಪಾದಗಳು ಕಾಣುವ ಹಾಗೆ ಮೆಟ್ಟಿಲ ಮೇಲೆ ಕೂತಳು.

"ಹೋಗ್ರಿ. ನಾನಿಲ್ಲೇ ಕೂತಿರ್ತೀನಿ."